ಎದ್ದು ಹೋಗುವ ಮುನ್ನ ಹತ್ತು ನಿಮಿಷ

ನಮ್ಮ ಬಾದಾಮಿ, ಹುನಗುಂದ, ಇಳಕಲ್ ಭಾಗದಲ್ಲಿ ಮನೆಗೆ ಬಂದವರು ಹೊರಡುವಾಗ 'ಹೋಗ್ತೀನಿ' ಎನ್ನುವುದಿಲ್ಲ, 'ಬರ್ತೀನ್ರಿ' ಎನ್ನುತ್ತಾರೆ. ಮನೆಯವರು 'ಹೋಗಿ ಬರ್ರಿ' ಎಂದು ಕಳಿಸುತ್ತಾರೆ. ಅಗಲಿಕೆಯನ್ನು ಇಷ್ಟು ಚೆನ್ನಾಗಿ ನಡೆಸಿಕೊಡುವ ನಾವು, ಕಷ್ಟ ಹೇಳಿಕೊಳ್ಳಲು ಬಂದವರನ್ನು ಮಾತ್ರ ಹೇಗೆ ಕಳಿಸುತ್ತೇವೆ? ಗಡಿಯಾರ ನೋಡಿ, ನಾಲ್ಕು ಬುದ್ಧಿಮಾತು ಹೇಳಿ, 'ಪ್ರಾರ್ಥಿಸಿ, ಎಲ್ಲ ಸರಿಹೋಗುತ್ತದೆ' ಎಂದು ಬಾಗಿಲು ತೋರಿಸುತ್ತೇವೆ.

ಇದು ತರಬೇತಿ ಪಡೆದ ಆಪ್ತಸಲಹೆಗಾರರಿಗೆ ಮಾತ್ರ ಸೇರಿದ ವಿಷಯವಲ್ಲ. ಧರ್ಮಕೇಂದ್ರದಲ್ಲಿ ಕುಟುಂಬಗಳನ್ನು ಭೇಟಿ ಮಾಡುವವರು, ವಿವಾಹ ಸಿದ್ಧತಾ ಶಿಬಿರದಲ್ಲಿ ಜೋಡಿಗಳೊಡನೆ ಕೂತು ಮಾತನಾಡುವವರು, ಸಂತ ವಿನ್ಸೆಂಟ್ ದೆ ಪೌಲ್ ಸಭೆಯ ಸದಸ್ಯರು, ಮಕ್ಕಳ ದುಃಖ ಕೇಳುವ ಶಿಕ್ಷಕಿಯರು, ಎಲ್ಲರೂ ಈ ಕೆಲಸವನ್ನು ಮಾಡುತ್ತಲೇ ಇದ್ದೇವೆ. ಮಾತನ್ನು ಆರಂಭಿಸುವುದು, ಕಿವಿಗೊಟ್ಟು ಕೇಳುವುದು ಹೇಗೆಂದು ಹಲವು ಶಿಬಿರಗಳಲ್ಲಿ ಕಲಿಸುತ್ತಾರೆ. ಮುಗಿಸುವುದು ಹೇಗೆಂದು ಕಲಿಸುವುದು ಅಪರೂಪ. ನಾನು ಅದನ್ನು ಒಂದು ತಪ್ಪಿನಿಂದ ಕಲಿತೆ.

ಹಲವು ವರ್ಷಗಳ ಹಿಂದಿನ ಮಾತು. ಇಳಕಲ್ಲಿನ ನೇಕಾರರ ಮನೆಯ ಹೆಣ್ಣುಮಗಳೊಬ್ಬಳು ತನ್ನ ಮಗನ ವಿಷಯ ಹೇಳಿಕೊಳ್ಳಲು ಬಂದಿದ್ದಳು. ಹುಡುಗ ಒಂಬತ್ತನೆಯ ತರಗತಿ. ಶಾಲೆ ಬಿಟ್ಟು ಗ್ರಾನೈಟ್ ಕಾರ್ಖಾನೆಯ ಕೆಲಸಕ್ಕೆ ಹೋಗುತ್ತೇನೆಂದು ಹಟ ಹಿಡಿದಿದ್ದ. ಮುಕ್ಕಾಲು ಗಂಟೆ ಅವನ ಬಗ್ಗೆಯೇ ಮಾತನಾಡಿದೆವು. ಹೊರಗೆ ಇನ್ನೊಬ್ಬರು ಕಾದಿದ್ದರು. ನಾನು ಎರಡು ಸಲ ಕೈಗಡಿಯಾರ ನೋಡಿದೆ. ಅವಳಿಗೆ ತಿಳಿಯಿತು, ಎದ್ದಳು. ಒಂದು ಕಾಲನ್ನು ಚಪ್ಪಲಿಗೆ ತೂರಿಸಿ, ಬಾಗಿಲ ಚೌಕಟ್ಟು ಹಿಡಿದುಕೊಂಡು, "ಅಕ್ಕಾರ, ಇನ್ನೊಂದ್ ಮಾತ್ ಇತ್ರಿ. ನಮ್ಮನಿಯವ್ರು ಮೊನ್ನೆ ಮತ್ತ ಕುಡದ್ ಬಂದು ಕೈ ಮಾಡಿದ್ರು" ಎಂದಳು.

"ಅದನ್ನ ಮುಂದಿನ ವಾರ ಮಾತಾಡೋಣಂತ, ತಂಗಿ. ದೇವರು ಎಲ್ಲಾ ಛಲೋ ಮಾಡ್ತಾನ" ಎಂದೆ ನಾನು.

ಮುಂದಿನ ವಾರ ಅವಳು ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ.

ಬಾಗಿಲ ಬಳಿಯ ಮಾತು

ಇಂಥ ಮಾತನ್ನು ವೈದ್ಯರೂ ಆಪ್ತಸಲಹೆಗಾರರೂ ಎಲ್ಲ ದೇಶಗಳಲ್ಲಿ ಬಲ್ಲರು. ರೋಗಿ ತಲೆನೋವಿನ ಬಗ್ಗೆ ಅರ್ಧ ತಾಸು ಹೇಳಿ, ಔಷಧಿಯ ಚೀಟಿ ಹಿಡಿದು ಎದ್ದು ನಿಂತ ಮೇಲೆ 'ಅಂದ ಹಾಗೆ ಡಾಕ್ಟರೇ' ಎಂದು ಎದೆಯ ಗಂಟಿನ ವಿಷಯ ತೆಗೆಯುತ್ತಾನೆ. ನಿಜವಾದ ಮಾತು ಯಾಕೆ ಕೊನೆಗೇ ಬರುತ್ತದೆ? ನಾಚಿಕೆ ಒಂದು ಕಾರಣ. ಹೇಳಿದ ಕೂಡಲೇ ಹೊರಟುಬಿಡಬಹುದು, ಎದುರಿನವರ ಮುಖ ನೋಡಬೇಕಾಗಿಲ್ಲ ಎಂಬ ಧೈರ್ಯ ಇನ್ನೊಂದು. ಈ ಮನುಷ್ಯ ಇದನ್ನು ತಾಳಿಕೊಳ್ಳಬಲ್ಲನೇ ಎಂದು ಪರೀಕ್ಷೆ ಮಾಡಿ ನೋಡುವುದೂ ಉಂಟು. ಆ ಪರೀಕ್ಷೆಯಲ್ಲಿ ನಾನು ಸೋತೆ.

ಆದರೆ ಇದರಲ್ಲಿ ನಾವು ಸುಧಾರಿಸಬಹುದಾದ ನಾಲ್ಕನೆಯ ಕಾರಣವೂ ಇದೆ. ತನಗೆ ಎಷ್ಟು ಹೊತ್ತು ಸಿಗುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಪಟ್ಟಣದ ಆಪ್ತಸಲಹಾ ಕೇಂದ್ರಗಳಲ್ಲಿ ಒಂದು ಭೇಟಿಗೆ ಸಾಮಾನ್ಯವಾಗಿ 45ರಿಂದ 50 ನಿಮಿಷ ಎಂಬ ಕಟ್ಟುಪಾಡಿದೆ, ಗೋಡೆಯ ಮೇಲೆ ಗಡಿಯಾರವಿದೆ. ನಮ್ಮಲ್ಲಿ ಮಾತುಕತೆ ನಡೆಯುವುದು ಮಗ್ಗದ ಪಕ್ಕದಲ್ಲಿ, ಬಾದಾಮಿಯ ಬಸ್ ನಿಲ್ದಾಣದ ಬೆಂಚಿನ ಮೇಲೆ, ಮಹಾಕೂಟದ ಮರದ ನೆರಳಿನಲ್ಲಿ. ಅಲ್ಲಿ ಹೊತ್ತಿಗೆ ಅಂಚು ಇರುವುದಿಲ್ಲ. ಆದ್ದರಿಂದ ಅಂಚನ್ನು ನಾವೇ ಹಾಕಬೇಕು. ಕೂತ ಕೂಡಲೇ, 'ಇವತ್ತು ನಮಗೆ ಐದೂವರೆವರೆಗೆ ಹೊತ್ತಿದೆ' ಎಂದುಬಿಡಿ. ಇದು ಒರಟುತನವಲ್ಲ. ಹೊತ್ತು ಗೊತ್ತಿದ್ದವರು ಮಾತನ್ನು ಹಂಚಿಕೊಳ್ಳಬಲ್ಲರು.

ಐದೂವರೆಗೆ ಮುಗಿಯಬೇಕಾದರೆ ಐದು ಇಪ್ಪತ್ತಕ್ಕೇ ಮುಗಿಸಲು ತೊಡಗಬೇಕು. 'ಇನ್ನು ಹತ್ತು ನಿಮಿಷ ಇದೆ. ಹೇಳಬೇಕೆಂದು ಬಂದು ಹೇಳದೆ ಉಳಿದದ್ದು ಏನಾದರೂ ಇದೆಯೇ?' ಎಂದು ಕೇಳಿ. ಕೇಳಿದ ಮೇಲೆ ಸುಮ್ಮನಿರಿ. ಮನಸ್ಸಿನಲ್ಲೇ ಒಂದರಿಂದ ಹದಿನೈದರವರೆಗೆ ಎಣಿಸಿ. ನಮ್ಮಲ್ಲಿ ಹೆಚ್ಚಿನವರಿಗೆ ಐದು ಎಣಿಸುವುದರೊಳಗೆ ಬಾಯಿ ತುರಿಸುತ್ತದೆ, ನನಗೂ ಹಾಗೆಯೇ. ಆದರೆ ಬಾಗಿಲ ಬಳಿ ಬರಬೇಕಾಗಿದ್ದ ಮಾತು ಕುರ್ಚಿಯಲ್ಲಿರುವಾಗಲೇ ಬರುವುದು ಆ ಮೌನದಲ್ಲಿ.

ಕೊನೆಯ ಕೆಲವು ನಿಮಿಷಗಳಿಗೆ ಇಷ್ಟು ಮಹತ್ವ ಯಾಕೆ ಎಂದು ನೀವು ಕೇಳಬಹುದು. ಮನುಷ್ಯನ ನೆನಪಿನ ಒಂದು ವಿಚಿತ್ರ ಗುಣವನ್ನು ಮನೋವಿಜ್ಞಾನಿ ಡೇನಿಯಲ್ ಕಾನೆಮನ್ ಮತ್ತು ಜೊತೆಗಾರರು 1993ರಲ್ಲಿ ತೋರಿಸಿಕೊಟ್ಟರು. 32 ಜನರು ಒಂದು ಸಲ 14 ಡಿಗ್ರಿಯ ತಣ್ಣೀರಿನಲ್ಲಿ 60 ಸೆಕೆಂಡು ಕೈಯಿಟ್ಟರು. ಇನ್ನೊಂದು ಸಲ ಅದೇ 60 ಸೆಕೆಂಡಿನ ಮೇಲೆ ಮತ್ತೆ 30 ಸೆಕೆಂಡು. ಆ ಕೊನೆಯ 30 ಸೆಕೆಂಡಿನಲ್ಲಿ ನೀರು ತುಸುವೇ ಬೆಚ್ಚಗಾಗಿ 15 ಡಿಗ್ರಿಗೆ ಬಂತು. ಮೂರನೆಯ ಸಲ ಯಾವುದನ್ನು ಮಾಡುತ್ತೀರಿ ಎಂದು ಕೇಳಿದರೆ 22 ಜನ ಹೆಚ್ಚು ಹೊತ್ತಿನದನ್ನೇ ಆರಿಸಿಕೊಂಡರು! ಒಟ್ಟು ನೋವು ಅದರಲ್ಲೇ ಹೆಚ್ಚು. ಆದರೂ ಕೊನೆ ಹಗುರವಾಗಿದ್ದುದರಿಂದ ನೆನಪಿನಲ್ಲಿ ಹಗುರವಾಗಿ ಉಳಿಯಿತು. ಕಷ್ಟ ಹೇಳಿಕೊಳ್ಳುವುದೂ ತಣ್ಣೀರಿನಲ್ಲಿ ಕೈಯಿಟ್ಟ ಹಾಗೆಯೇ. ಅವಸರದಲ್ಲಿ ಎಬ್ಬಿಸಿ ಕಳಿಸಿದವರು ಮರಳಿ ಬರದಿದ್ದರೆ ಆಶ್ಚರ್ಯವೇನು?

ಜೋಳಿಗೆಗೆ ಏನು?

ಸರಿ, ಆ ಹತ್ತು ನಿಮಿಷದಲ್ಲಿ ಏನು ಮಾಡಬೇಕು? ಇದಕ್ಕೆ ನಮ್ಮ ಇಳಕಲ್ಲಿನಲ್ಲೇ ಒಂದು ದೊಡ್ಡ ಉದಾಹರಣೆಯಿದೆ.

ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರಿಗೆ ಹೊರಟರು. ಮಠದ ಸ್ವಾಮಿಗಳು ಜೋಳಿಗೆ ಹಿಡಿದರೆ ಜನ ಕಾಳು ಹಾಕುತ್ತಾರೆ, ಹಣ ಹಾಕುತ್ತಾರೆ. ಇವರು ಕೇಳಿದ್ದು ಜನರ ದುಶ್ಚಟಗಳನ್ನು. ಕುಡಿತ, ತಂಬಾಕು, ಇಸ್ಪೀಟು, ಏನಿದೆಯೋ ಅದನ್ನು ಬಿಡುವೆನೆಂದು ಹೇಳಿ ಈ ಜೋಳಿಗೆಗೆ ಹಾಕಿಬಿಡು ಎನ್ನುತ್ತಿದ್ದರು. 'ಮಹಾಂತ ಜೋಳಿಗೆ' ಎಂದು ಅದು ನಾಡಿಗೆಲ್ಲ ಹೆಸರಾಯಿತು. 2018ರಲ್ಲಿ ಅವರು ಕಾಲವಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ.

ಕುಡಿತದ ಕೆಡುಕಿನ ಬಗ್ಗೆ ಉಪದೇಶ ಮಾಡಿದವರು ನಮ್ಮಲ್ಲಿ ಸಾವಿರಾರು ಜನರಿದ್ದಾರೆ. ಈ ಸ್ವಾಮಿಗಳಿಂದ ನಾವು ಕಲಿಯಬೇಕಾದದ್ದು ಉಪದೇಶ ಮುಗಿದ ಮೇಲಿನ ಆ ಒಂದು ಗಳಿಗೆಯನ್ನು. ಕೊನೆಯ ಕೆಲಸ ಗುರುವಿನದಲ್ಲ. ಜೋಳಿಗೆ ಬಾಯಿ ತೆರೆದು ಕಾಯುತ್ತದೆ. ಹಾಕಬೇಕಾದವನು ಎದುರಿಗಿದ್ದವನು, ತನ್ನ ಕೈಯಿಂದ, ತನ್ನ ಬಾಯಿಂದ ಹೆಸರು ಹೇಳಿ. ನಾವಾದರೋ ಕೊನೆಯಲ್ಲಿ ನಾವೇ ಮಾತನಾಡುತ್ತೇವೆ. 'ಹಾಗಾದರೆ ನೀವು ಹೇಳಿದ್ದು ಇಷ್ಟು, ನೀವು ಮಾಡಬೇಕಾದ್ದು ಇಷ್ಟು' ಎಂದು ಒಪ್ಪಿಸುತ್ತೇವೆ. ಎದುರಿನವರು ತಲೆಯಾಡಿಸುತ್ತಾರೆ. ತಲೆಯಾಡಿಸಿದ್ದನ್ನು ಒಪ್ಪಿಗೆ ಎಂದು ತಿಳಿಯುತ್ತೇವೆ.

ಅದರ ಬದಲು ಕೇಳಿ: 'ಇವತ್ತು ಮಾತನಾಡಿದ್ದರಲ್ಲಿ ನಿಮಗೆ ಮುಖ್ಯ ಅನ್ನಿಸಿದ್ದು ಯಾವುದು? ಇಲ್ಲಿಯೇ ಬಿಟ್ಟು ಹೋಗಬೇಕೆನಿಸುವುದು ಏನಾದರೂ ಇದೆಯೇ?' ಅವರ ಉತ್ತರ ನಿಮ್ಮನ್ನು ಬೆಚ್ಚಿಬೀಳಿಸಬಹುದು. ನೀವು ಬಹಳ ಬುದ್ಧಿವಂತಿಕೆಯಿಂದ ಹೇಳಿದ್ದು ಅವರಿಗೆ ನೆನಪೇ ಇರುವುದಿಲ್ಲ. ನಡುವೆ ಎಲ್ಲೋ ಅವರೇ ಆಡಿದ ಒಂದು ಮಾತು ಅವರನ್ನು ಹಿಡಿದಿರುತ್ತದೆ. ಅದನ್ನೇ ಹಿಡಿಯಿರಿ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ದಿನವೂ ವಿಪರೀತ ಕುಡಿಯುವವರು 'ಇವತ್ತಿನಿಂದ ಒಂದು ಹನಿ ಮುಟ್ಟುವುದಿಲ್ಲ' ಎಂದರೆ ಸಂತೋಷಪಟ್ಟು ಸುಮ್ಮನೆ ಕಳಿಸಬೇಡಿ. ಹಲವು ವರ್ಷ ಕುಡಿದ ದೇಹ ಒಮ್ಮೆಲೇ ಬಿಟ್ಟಾಗ ಎರಡು ಮೂರು ದಿನಗಳಲ್ಲಿ ಕೈನಡುಕ, ಫಿಟ್ಸ್, ಮತಿಭ್ರಮಣೆ ಬರಬಹುದು; ಪ್ರಾಣಕ್ಕೇ ಅಪಾಯವಾಗಬಹುದು. ಅಂಥವರ ಮೊದಲ ಹೆಜ್ಜೆ ಆಸ್ಪತ್ರೆಗೆ. ಜಿಲ್ಲಾಸ್ಪತ್ರೆಯ ಮನೋವೈದ್ಯರ ಬಳಿ ಹೋಗಲು ನಾಚಿಕೆಪಡುವವರಿಗೆ ಒಂದು ವಿಷಯ ಹೇಳಿ: ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1980ರ ದಶಕದ ಮಧ್ಯದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ತಂದಿತು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಇದು ನಮ್ಮ ಕಡೆಯಿಂದಲೇ ಹೊರಟ ದಾರಿ.

ಉಡಿಗೆ ಏನು?

ತವರಿಗೆ ಬಂದ ಮಗಳನ್ನು ನಾವು ಬರಿಗೈಯಲ್ಲಿ ಕಳಿಸುವುದಿಲ್ಲ. ಅಕ್ಕಿ, ಕೊಬ್ಬರಿ, ಕುಬಸದ ಕಣ ಇಟ್ಟು ಉಡಿ ತುಂಬುತ್ತೇವೆ. ಮೂಟೆ ಕಟ್ಟಿ ಹೊರಿಸುವುದಿಲ್ಲ, ಅವಳು ಸೆರಗಿನಲ್ಲಿ ಹಿಡಿದುಕೊಂಡು ನಡೆಯುವಷ್ಟೇ ಇಡುತ್ತೇವೆ. ಸಲಹೆಗೆ ಬಂದವರ ಉಡಿಗೂ ಅಷ್ಟೇ ಅಳತೆ. ಒಂದು ಕೆಲಸ. ಎರಡಲ್ಲ.

ಆ ಒಂದು ಕೆಲಸ ಕಣ್ಣಿಗೆ ಕಾಣುವಂಥದ್ದಾಗಿರಬೇಕು. 'ಇನ್ನು ಮಗನ ಮೇಲೆ ಸಿಟ್ಟಾಗುವುದಿಲ್ಲ' ಎಂಬುದು ಕೆಲಸವಲ್ಲ, ಹಾರೈಕೆ. 'ಸೋಮವಾರ ಸಂಜೆ ಅವನು ಶಾಲೆಯಿಂದ ಬಂದ ಕೂಡಲೇ ಅಂಕದ ಮಾತೆತ್ತದೆ, ಚಹಾ ಕೊಟ್ಟು, ಪಕ್ಕದಲ್ಲಿ ಹತ್ತು ನಿಮಿಷ ಕೂತಿರುತ್ತೇನೆ' ಎಂಬುದು ಕೆಲಸ. ಯಾವ ದಿನ, ಎಲ್ಲಿ, ಯಾವುದು ನಡೆದ ಕೂಡಲೇ ಎಂದು ಮೊದಲೇ ಗೊತ್ತುಮಾಡಿಕೊಂಡವರು ಬರೀ ಸಂಕಲ್ಪ ಮಾಡಿದವರಿಗಿಂತ ಹೆಚ್ಚಾಗಿ ಮಾಡಿ ಮುಗಿಸುತ್ತಾರೆಂದು ಪೀಟರ್ ಗೋಲ್‌ವಿಟ್ಜರ್ ಎಂಬ ಮನೋವಿಜ್ಞಾನಿ 1999ರ ತಮ್ಮ ಲೇಖನದಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ತೋರಿಸಿದ್ದಾರೆ.

ಇನ್ನೊಂದು ಉಪಾಯವನ್ನು ನಾನು ಇಂಗ್ಲೆಂಡಿನ ಜಾನ್ ವಿಟ್ಮೋರ್ ಅವರಿಂದ ಕಲಿತೆ. ಕಂಪನಿಗಳಲ್ಲಿ, ಆಟದ ಮೈದಾನದಲ್ಲಿ ಮಾರ್ಗದರ್ಶನ ಮಾಡುವವರಿಗಾಗಿ ಅವರು 1992ರಲ್ಲಿ ಪುಸ್ತಕ ಬರೆದರು. ಅವರ ಮಾತುಕತೆಗೆ ನಾಲ್ಕು ಮೆಟ್ಟಿಲು: ಗುರಿ ಏನು, ಈಗ ಸ್ಥಿತಿ ಹೇಗಿದೆ, ದಾರಿಗಳು ಯಾವುವು, ಇನ್ನು ಏನು ಮಾಡುತ್ತೀರಿ. ನಾಲ್ಕನೆಯ ಮೆಟ್ಟಿಲಿನ ಕೊನೆಗೆ ಅವರು ಕೇಳುವ ಪ್ರಶ್ನೆ ಬಹಳ ಸರಳ: ಈ ಕೆಲಸವನ್ನು ಮಾಡಿಯೇ ಮಾಡುತ್ತೀರೆಂಬ ಭರವಸೆಗೆ ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ? ಎಂಟಕ್ಕಿಂತ ಕಡಿಮೆಯಾದರೆ ಕೆಲಸವನ್ನು ಚಿಕ್ಕದು ಮಾಡಬೇಕು, ಇಲ್ಲವೇ ಅವಧಿಯನ್ನು ಹಿಗ್ಗಿಸಬೇಕು. ನಾವು ಮಾಡುವ ತಪ್ಪು ಇಲ್ಲಿಯೇ. ಗಂಡನೊಬ್ಬ 'ಐದು' ಎಂದರೆ 'ಛೇ, ಹಾಗನ್ನಬಾರದು, ಧೈರ್ಯ ಮಾಡಿ' ಎಂದು ಹುರಿದುಂಬಿಸುತ್ತೇವೆ. ಅವನು ನಮ್ಮ ಸಮಾಧಾನಕ್ಕೆ 'ಎಂಟು' ಎನ್ನುತ್ತಾನೆ, ಮನೆಗೆ ಹೋಗಿ ಸುಮ್ಮನಿರುತ್ತಾನೆ. ಐದು ಎಂದವನಿಗೆ ಕೃತಜ್ಞತೆ ಹೇಳಿ, ನಿಜ ಹೇಳಿದ್ದಾನೆ. 'ಎಂಟು ಆಗಬೇಕಾದರೆ ಕೆಲಸ ಎಷ್ಟು ಚಿಕ್ಕದಾಗಬೇಕು?' ಎಂದು ಕೇಳಿ.

ಮುಂದಿನ ಭೇಟಿಯ ದಿನ ಮತ್ತು ಗಂಟೆಯನ್ನು ಎದ್ದ ಮೇಲಲ್ಲ, ಕೂತಿರುವಾಗಲೇ ಗೊತ್ತುಮಾಡಿ. 'ಯಾವಾಗ ಬೇಕಾದರೂ ಬನ್ನಿ' ಎಂಬ ಮಾತು ಕೇಳಲು ಉದಾರ, ಆದರೆ ಅದನ್ನು ಕೇಳಿಸಿಕೊಂಡವರು ಬರುವುದು ಕಡಿಮೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ನೇಕಾರರು ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಕೂಡಿಸುತ್ತಾರೆ. ಇವತ್ತಿನ ಮಾತಿಗೂ ಮುಂದಿನ ಮಾತಿಗೂ ಕೊಂಡಿ ಆ ದಿನಾಂಕ. ಚೀಟಿಯಲ್ಲಿ ಬರೆದು ಕೊಡಿ. ಕೆಲಸವನ್ನೂ ಅದರಲ್ಲೇ ಬರೆಯಿರಿ, ಅವರ ಮಾತಿನಲ್ಲಿಯೇ, ಸಾಧ್ಯವಾದರೆ ಅವರ ಕೈಯಲ್ಲಿಯೇ.

ಪ್ರಾರ್ಥನೆಯ ವಿಷಯ. ಬಂದವರು ಕೇಳಿದರೆ ಸಂತೋಷದಿಂದ ಪ್ರಾರ್ಥಿಸಿ. ಆದರೆ ಮಾತು ನಿಲ್ಲಿಸಲು ಪ್ರಾರ್ಥನೆಯನ್ನು ಗಂಟೆಯಂತೆ ಬಾರಿಸಬೇಡಿ. ಕಣ್ಣೀರು ಒರೆಸುತ್ತಿರುವವಳ ಮುಂದೆ ತಟ್ಟನೆ ಶಿಲುಬೆಯ ಗುರುತು ಹಾಕಿದರೆ, ಅವಳಿಗೆ ಕೇಳಿಸುವುದು 'ಸಾಕು, ಏಳು' ಎಂದು.

ಗಡಿಯಾರ ಮರೆಯಬೇಕಾದಾಗ

ಮೇಲೆ ಹೇಳಿದ ಎಲ್ಲ ನಿಯಮವನ್ನೂ ಮುರಿಯಬೇಕಾದ ಸಂದರ್ಭಗಳಿವೆ. ಹೊರಡುವಾಗ ಯಾರಾದರೂ 'ಇನ್ನ ನಿಮಗ ತ್ರಾಸ ಕೊಡಂಗಿಲ್ರಿ', 'ಮಕ್ಕಳನ್ನ ನೋಡ್ಕೊಳ್ರಿ' ಎಂಬ ಧಾಟಿಯಲ್ಲಿ ಮಾತನಾಡಿದರೆ ಮರಳಿ ಕೂರಿಸಿ. 'ಸಾಯುವ ವಿಚಾರ ಬರುತ್ತಿದೆಯೇ?' ಎಂದು ನೇರವಾಗಿಯೇ ಕೇಳಿ. ಕೇಳಿದ್ದರಿಂದ ಇಲ್ಲದ ವಿಚಾರ ತಲೆಗೆ ಹೋಗುತ್ತದೆಂಬ ಭಯ ಬೇಡ. ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲವೆಂದು ತಜ್ಞರು ಹೇಳುತ್ತಾರೆ. ಹೌದೆಂದರೆ ಒಂಟಿಯಾಗಿ ಕಳಿಸಬೇಡಿ. ಮನೆಯವರಲ್ಲಿ ಅವರು ನಂಬುವ ಒಬ್ಬರನ್ನು ಕರೆಸಿ, ವೈದ್ಯರ ಬಳಿಗೆ ಜೊತೆಯಲ್ಲಿ ಹೋಗಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಹಣವಿಲ್ಲದೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಮನೆಯಲ್ಲಿ ಹೊಡೆತ ತಿನ್ನುವ ಹೆಂಗಸರಿಗೆ 181 ಮಹಿಳಾ ಸಹಾಯವಾಣಿಯಿದೆ. ಕೌಟುಂಬಿಕ ದೌರ್ಜನ್ಯ ತಡೆಯುವ 2005ರ ಕಾಯಿದೆಯ ಪ್ರಕಾರ ದೂರು ಕೇಳುವ ಸಂರಕ್ಷಣಾಧಿಕಾರಿ ಇದ್ದಾರೆ. 'ಮುಂದಿನ ವಾರ' ಎಂಬ ಮಾತನ್ನು ಈ ಎರಡು ಸಂದರ್ಭಗಳಲ್ಲಿ ಆಡಲೇಬೇಡಿ.

ಇನ್ನೊಂದು ಬಗೆಯ ಮುಕ್ತಾಯವೂ ಇದೆ: ಭೇಟಿಗಳೇ ಮುಗಿಯುವುದು. ಕೆಲವರು ವರ್ಷಗಟ್ಟಲೆ ಬರುತ್ತಾರೆ, ನಮಗೂ ಅದು ಹಿತವಾಗಿರುತ್ತದೆ, ಯಾರಿಗೋ ನಾವು ಬೇಕಾಗಿದ್ದೇವೆಂಬ ಹಿತ. ಸಂತ ಲೂಕರ ಶುಭಸಂದೇಶದ 24ನೆಯ ಅಧ್ಯಾಯದಲ್ಲಿ ಎಮ್ಮಾವುಸಿನ ದಾರಿ ಹಿಡಿದ ಇಬ್ಬರ ಜೊತೆ ಪ್ರಭು ನಡೆದದ್ದನ್ನು ಈ ದೃಷ್ಟಿಯಿಂದ ಒಮ್ಮೆ ಓದಿ. ಮೊದಲು ಅವರ ಮಾತನ್ನು ಕೇಳುತ್ತಾರೆ. ಊರು ಹತ್ತಿರವಾದಾಗ ಮುಂದೆ ಹೋಗುವವರಂತೆ ತೋರಿಸಿಕೊಳ್ಳುತ್ತಾರೆ, ಒತ್ತಾಯಪಡಿಸಿದ ಮೇಲೆ ಒಳಗೆ ಬರುತ್ತಾರೆ. ರೊಟ್ಟಿ ಮುರಿದ ಗಳಿಗೆಯಲ್ಲಿ ಅವರ ಕಣ್ಣು ತೆರೆಯುತ್ತದೆ, ಆಗಲೇ ಮರೆಯಾಗುತ್ತಾರೆ. ಆ ಇಬ್ಬರು ಅದೇ ಗಳಿಗೆ ಎದ್ದು, ತಾವಾಗಿಯೇ, ತಾವು ಬಿಟ್ಟು ಬಂದಿದ್ದ ಜೆರುಸಲೇಮಿಗೆ ಹಿಂದಿರುಗುತ್ತಾರೆ.

ಅವರು ಹೋದ ಮೇಲೆ ನಿಮಗೂ ಐದು ನಿಮಿಷ ಬೇಕು. ಏನು ಗೊತ್ತುಮಾಡಿದಿರಿ, ಮುಂದಿನ ಸಲ ಏನು ಕೇಳಬೇಕು, ಎರಡು ಸಾಲು ಬರೆದಿಡಿ. ಹೆಸರು ಬರೆಯಬೇಡಿ. ಇಳಕಲ್ಲಿನಂಥ ಊರಿನಲ್ಲಿ ಒಂದು ಮಾತು ಬಜಾರ ದಾಟಲು ಅರ್ಧ ತಾಸು ಸಾಕು. ಮನೆಯವರು 'ಯಾರು ಬಂದಿದ್ರು?' ಎಂದರೆ 'ಕೆಲಸದ ಮ್ಯಾಲೆ ಬಂದಿದ್ರು' ಎಂದರೆ ಸಾಕು.

ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಇದನ್ನು ಅಭ್ಯಾಸ ಮಾಡಿ ನೋಡಿ. ಮೂವರು ಮೂವರಾಗಿ ಕೂರಿ: ಒಬ್ಬರು ಹೇಳುವವರು, ಒಬ್ಬರು ಕೇಳುವವರು, ಒಬ್ಬರು ಗಡಿಯಾರ ಹಿಡಿದು ನೋಡುವವರು. ಇಡೀ ಮಾತುಕತೆ ಬೇಡ, ಕೊನೆಯ ಹತ್ತು ನಿಮಿಷವನ್ನಷ್ಟೇ ಆಡಿ. ನೋಡುವವರು ಒಂದನ್ನೇ ಬರೆದುಕೊಳ್ಳಲಿ: ಆ ಹತ್ತು ನಿಮಿಷದಲ್ಲಿ ಸಲಹೆಗಾರರು ಎಷ್ಟು ಹೊತ್ತು ಮಾತನಾಡಿದರು? ನಿಮ್ಹಾನ್ಸ್‌ನಲ್ಲಿ ಮನೋವೈದ್ಯರಾಗಿದ್ದ, 2024ರಲ್ಲಿ ಪದ್ಮಶ್ರೀ ಪಡೆದ ಡಾ. ಸಿ.ಆರ್. ಚಂದ್ರಶೇಖರ್ ಸಾಮಾನ್ಯ ಜನರಿಗೂ ಆಪ್ತಸಲಹೆಯ ತರಬೇತಿ ಕೊಡುತ್ತಾ ಬಂದವರು. ಕನ್ನಡದಲ್ಲಿರುವ ಅವರ ಪುಸ್ತಕಗಳು ನಮ್ಮಂಥವರಿಗೆ ಬಹಳ ಉಪಯುಕ್ತ.

ಆ ಹೆಣ್ಣುಮಗಳು ಏಳೆಂಟು ತಿಂಗಳ ನಂತರ ಮತ್ತೆ ಬಂದಳು. ಈ ಸಲವೂ ಮಗನ ವಿಷಯವನ್ನೇ ಎತ್ತಿದಳು. ಮೂವತ್ತೈದು ನಿಮಿಷವಾದಾಗ ನಾನು, "ಇನ್ನ ಹತ್ತು ನಿಮಿಷ ಐತಿ, ತಂಗಿ. ಹೋದ ಸಲ ನೀ ಬಾಗಲದಾಗ ಒಂದು ಮಾತು ಹೇಳಿದ್ದಿ. ನಾ ಕೇಳಬೇಕಿತ್ತು, ಕೇಳಲಿಲ್ಲ" ಎಂದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೂತಳು. ನಾನು ಎಣಿಸುತ್ತಿದ್ದೆ, ಹದಿನೈದು ದಾಟಿತು. ಆಮೇಲೆ ಹೇಳಿದಳು. ಹೊರಗೆ ಕಾದಿದ್ದವರಿಗೆ ನಾಳೆ ಬರಲು ಹೇಳಿ ಕಳಿಸಿದೆ. ಮುಗಿದಾಗ ದೀಪ ಹಚ್ಚುವ ಹೊತ್ತು.

ಮಾಡುತ್ತೇನೆಂದು ಅವಳು ಒಪ್ಪಿಕೊಂಡದ್ದು ಒಂದೇ ಕೆಲಸ: ನಾಳೆ ಬೆಳಿಗ್ಗೆ ಗಂಡ ಮಗ್ಗಕ್ಕೆ ಕೂತ ಮೇಲೆ, ಪಕ್ಕದ ಮನೆಯಿಂದ ಅಣ್ಣನಿಗೆ ಫೋನು ಮಾಡುವುದು. ಹತ್ತಕ್ಕೆ ಎಷ್ಟೆಂದು ಕೇಳಿದೆ. ಒಂಬತ್ತು ಎಂದಳು. ನಾನು ಚೀಟಿ ತೆಗೆದು 181 ಎಂದು ಬರೆಯಲು ಹೋದೆ.

"ಚೀಟಿ ಬ್ಯಾಡ್ರಿ ಅಕ್ಕಾರ. ಮನ್ಯಾಗ ಸಿಕ್ರ ಮತ್ತ ಜಗಳ ಆಗತೈತಿ. ಬಾಯಾಗ ಇಟ್ಕೋತೀನಿ" ಎಂದಳು. ಒಂದು, ಎಂಟು, ಒಂದು ಎಂದು ಎರಡು ಸಲ ಹೇಳಿ ಒಪ್ಪಿಸಿದಳು. ಗುರುವಾರ ನಾಲ್ಕು ಗಂಟೆಗೆಂದು ಗೊತ್ತಾಯಿತು.

ಅವಳು ಎರಡೂ ಚಪ್ಪಲಿ ಮೆಟ್ಟಿಕೊಳ್ಳುವವರೆಗೆ ನಾನು ಬಾಗಿಲಲ್ಲೇ ನಿಂತಿದ್ದೆ. "ಬರ್ತೀನ್ರಿ" ಎಂದಳು. ಗುರುವಾರ ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿರುವಾಗಲೇ ಬಂದು ಕೂತಿದ್ದಳು.